ಹಳೆಯ ಮನೆಯ ದುರಸ್ತಿಗೆ ಎಷ್ಟು ಬೇಕು? ಗೌಂಡಿಯನ್ನು ಕರೆಯುವ ಮುನ್ನ ನೀವೇ ಹಾಕಬೇಕಾದ ಲೆಕ್ಕ

ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ನಾವು ಮೊದಲ ಮನೆ ಕೊಂಡಾಗ, ನೋಡಲು ಬಂದ ಮೊದಲ ಗುತ್ತಿಗೆದಾರ ಪಡಸಾಲೆಯಲ್ಲಿ ನಿಂತು ಒಮ್ಮೆ ತಲೆ ಎತ್ತಿ ಮಾಳಿಗೆ (ತೊಲೆಗಳ ಮೇಲೆ ಮಣ್ಣು ಹಾಸಿದ ಚಾವಣಿ) ನೋಡಿ, ‘ಸಾಹೇಬರೇ, ಏಳು ಲಕ್ಷಕ್ಕೆ ಮುಗಿಸಿ ಕೊಡುತ್ತೇನೆ’ ಎಂದ. ಟೇಪನ್ನು ಕಿಸೆಯಿಂದ ಹೊರಗೆ ತೆಗೆದಿರಲಿಲ್ಲ. ಎರಡನೆಯವನು ಹೊಸ್ತಿಲನ್ನೂ ದಾಟದೆ ಮನೆಯ ಉದ್ದಗಲ ಕೇಳಿ, ಚದರ ಅಡಿಯ ದರದಿಂದ ಮೊಬೈಲಿನಲ್ಲಿ ಗುಣಿಸಿ ಹನ್ನೊಂದು ಲಕ್ಷ ಹೇಳಿದ. ಆಮೇಲೆ ನಾನೂ ನನ್ನ ಹೆಂಡತಿಯೂ ನಾಲ್ಕು ಭಾನುವಾರ ಕುಳಿತು ಬರೆದ ಅಂದಾಜು ಒಂಬತ್ತೂವರೆ ಲಕ್ಷಕ್ಕೆ ಬಂತು. ಕೊನೆಗೆ ಖರ್ಚಾದದ್ದು ಹತ್ತು ಲಕ್ಷದ ನಲವತ್ತು ಸಾವಿರ. ತೊಂಬತ್ತು ಸಾವಿರ ತಪ್ಪಿತು. ಎಲ್ಲಿ ತಪ್ಪಿತು ಎಂಬುದು ನೋಟ್‌ಬುಕ್ಕಿನಲ್ಲಿ ಸಾಲು ಸಾಲಾಗಿ ಸಿಗುತ್ತದೆ. ಏಳು ಲಕ್ಷ ಎಂದವನ ಮಾತಿಗೆ ಒಪ್ಪಿದ್ದರೆ ಅದು ಯಾವತ್ತೂ ಸಿಗುತ್ತಿರಲಿಲ್ಲ.

ಖಾಲಿ ಜಾಗದಲ್ಲಿ ಹೊಸ ಮನೆ ಕಟ್ಟುವವರಿಗೆ ಚದರ ಅಡಿಯ ಲೆಕ್ಕ ನಡೆಯುತ್ತದೆ. ಹಳೆಯ ಮನೆಗೆ ನಡೆಯುವುದಿಲ್ಲ. ಒಂದೇ ಅಳತೆಯ ಎರಡು ಮನೆಗಳಲ್ಲಿ ಒಂದರ ತೊಲೆಗಳು ಗಟ್ಟಿಯಾಗಿದ್ದು, ಇನ್ನೊಂದರಲ್ಲಿ ಗೆದ್ದಲು ಒಳಗೆಲ್ಲ ತಿಂದು ಮೇಲಿನ ಬಣ್ಣವನ್ನಷ್ಟೇ ಉಳಿಸಿರಬಹುದು. ಅಳತೆ ನಿಮ್ಮದು, ದರ ಪೇಟೆಯದು: ಈ ಎರಡನ್ನು ಬೇರೆ ಬೇರೆ ಇಟ್ಟು ಲೆಕ್ಕ ಹಾಕುವ ದಾರಿಯನ್ನು ಕೆಳಗೆ ಬರೆದಿದ್ದೇನೆ.

ಮೊದಲನೆಯ ಹೆಜ್ಜೆ: ಕಾಗದ, ಮತ್ತು ಒಂದು ಮಳೆ

ಸಿಟಿ ಸರ್ವೆ ಉತಾರ, ಋಣಭಾರ ಪ್ರಮಾಣಪತ್ರ, ಪಾಲಿಕೆಯ ತೆರಿಗೆ ರಸೀದಿ, ಇ-ಆಸ್ತಿ ಖಾತೆ, ಇವನ್ನು ಕೊಳ್ಳುವಾಗಲೇ ನೋಡಿರುತ್ತೀರಿ. ದುರಸ್ತಿಯ ಲೆಕ್ಕಕ್ಕೆ ಕಾಗದದಲ್ಲಿ ಮುಖ್ಯವಾದದ್ದು ಒಂದೇ: ಅಕ್ಕಪಕ್ಕದ ಗೋಡೆ ಯಾರದು? ಹಳೆಯ ಓಣಿಗಳಲ್ಲಿ ಎರಡು ಮನೆಗಳ ನಡುವೆ ಒಂದೇ ಗೋಡೆ ಇರುವುದು ಸಾಮಾನ್ಯ. ಖರೀದಿ ಪತ್ರದ ಚಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿಯ ವಿವರ) ‘ಸಾಮಾಯಿಕ ಗೋಡೆ’, ಅಂದರೆ ಇಬ್ಬರಿಗೂ ಸೇರಿದ ಗೋಡೆ ಎಂದಿದ್ದರೆ, ನಿಮ್ಮ ತೊಲೆ ಕಿತ್ತ ದಿನ ಆಚೆಯವರ ಅಡುಗೆಮನೆಯ ಗಿಲಾವು (ಪ್ಲಾಸ್ಟರ್) ಉದುರುತ್ತದೆ. ಅದನ್ನು ಸರಿಪಡಿಸಿ ಕೊಡುವ ಖರ್ಚನ್ನು ಇಂದೇ ಬರೆದುಕೊಳ್ಳಿ, ಕೆಲಸ ಆರಂಭಿಸುವ ಮುನ್ನ ನೆರೆಯವರೊಂದಿಗೆ ಒಂದು ಹಾಳೆಯಲ್ಲಿ ಒಪ್ಪಂದ ಮಾಡಿಕೊಳ್ಳಿ. ನಾವು ಚಹಾ ಕುಡಿದು ಬಾಯಿಮಾತಿನಲ್ಲಿ ಮುಗಿಸಿದ್ದೆವು. ತೊಂಬತ್ತು ಸಾವಿರದಲ್ಲಿ ಇಪ್ಪತ್ತೆರಡು ಸಾವಿರ ಆ ಗೋಡೆಗೇ ಹೋಯಿತು.

ಸಾಧ್ಯವಿದ್ದರೆ ಮನೆಯನ್ನು ಮಳೆ ಸುರಿಯುವಾಗ ಹೋಗಿ ನೋಡಿ. ಬೇಸಿಗೆಯಲ್ಲಿ ಸುಣ್ಣ ಬಳಿದು ತೋರಿಸುವ ಮನೆಯ ಬಣ್ಣ ಒಂದು ಅಡ್ಡಮಳೆಗೆ ಬಯಲಾಗುತ್ತದೆ. ಹನಿ ಎಲ್ಲಿ ಬೀಳುತ್ತದೆ ಎಂಬುದಕ್ಕಿಂತ ಗೋಡೆ ಎಷ್ಟು ಎತ್ತರದವರೆಗೆ ಒದ್ದೆ ಇದೆ ಎಂಬುದನ್ನು ಗಮನಿಸಿ. ಮೇಲಿನಿಂದ ಇಳಿದ ತೇವ ಬೇರೆ, ನೆಲದಿಂದ ಎರಡು ಮೂರು ಅಡಿ ಏರಿ ಗೋಡೆಯನ್ನು ಉಪ್ಪೊಡೆಸಿದ ತೇವ ಬೇರೆ. ಮೊದಲನೆಯದಕ್ಕೆ ಮದ್ದು ಮಾಳಿಗೆಯಲ್ಲಿದೆ. ಎರಡನೆಯದಕ್ಕೆ ಗೋಡೆಯ ಬುಡದಲ್ಲಿ, ಹೆಚ್ಚಾಗಿ ಹೊರಗಿನ ಚರಂಡಿಯಲ್ಲಿದೆ.

ಎರಡನೆಯ ಹೆಜ್ಜೆ: ಮೇಲಿನಿಂದ ಕೆಳಗೆ ನೋಡುತ್ತ ಬನ್ನಿ

ನೀರು ಇಳಿಯುವ ದಾರಿಯಲ್ಲೇ ತಪಾಸಣೆ ಮಾಡಿ: ಮಾಳಿಗೆ, ತೊಲೆ, ಗೋಡೆ, ನೆಲ, ಪಾಯಾ (ಅಡಿಪಾಯ). ಟೇಪು, ಟಾರ್ಚು, ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಎರಡು ಜಾಗಗಳ ಎತ್ತರ ಹೋಲಿಸಲು ನೀರು ತುಂಬಿದ ಲೆವಲ್ ಪೈಪು ಜೊತೆಗಿರಲಿ.

ತೊಲೆ, ಜಂತಿಗಳ ನಡುಭಾಗ ನೋಡಿ ಸಮಾಧಾನ ಪಡಬೇಡಿ. ಮರ ಕೊಳೆಯುವುದು ಗೋಡೆಯೊಳಗೆ ಸೇರಿದ ತುದಿಯಲ್ಲಿ. ನಿಚ್ಚಣಿಕೆ ಹತ್ತಿ ಪ್ರತಿ ತೊಲೆಯ ಎರಡೂ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಆ ತೊಲೆಯ ಮುಂದೆ ‘ಬದಲಿ’ ಎಂದು ಬರೆಯಿರಿ. ನಾವು ಒಂಬತ್ತು ತೊಲೆಗಳಲ್ಲಿ ನಾಲ್ಕನ್ನು ಮಾತ್ರ ಚುಚ್ಚಿ, ಉಳಿದವೂ ಹಾಗೆಯೇ ಇರುತ್ತವೆ ಎಂದುಕೊಂಡೆವು. ಇರಲಿಲ್ಲ. ತೊಂಬತ್ತು ಸಾವಿರದ ದೊಡ್ಡ ಪಾಲು ಅಲ್ಲೇ ಇದೆ.

ಗೋಡೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದ ಜಾಗಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಅಲ್ಲಿ ಗಿಲಾವು ಗೋಡೆಯನ್ನು ಬಿಟ್ಟಿದೆ. ಬಿರುಕುಗಳನ್ನು ಎಣಿಸುವುದಕ್ಕಿಂತ ಅವು ಹೋಗುವ ದಿಕ್ಕನ್ನು ನೋಡಿ. ಗಿಲಾವಿನ ಮೇಲಿನ ಜೇಡರ ಬಲೆಯಂಥ ಸಣ್ಣ ಗೆರೆಗಳಿಗೆ ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ಮೇಲೆ ಅಗಲವಾಗಿ ಕೆಳಗೆ ಕಿರಿದಾಗುವ ಬಿರುಕು ಪಾಯಾ ಕುಸಿದದ್ದರ ಗುರುತು. ಧಾರವಾಡದ ಗುಡ್ಡದ ಕಡೆ ಕೆಂಪು ನೆಲವಾದರೆ, ಹುಬ್ಬಳ್ಳಿಯಿಂದ ಪೂರ್ವಕ್ಕೆ ನವಲಗುಂದ, ಗದಗಿನತ್ತ ಹೋದಂತೆ ಎರೆ (ಕಪ್ಪು ಮಣ್ಣಿನ) ಭೂಮಿ. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಅಂಥ ನೆಲದ ಮೇಲಿನ ಬಿರುಕು ಮೇ ತಿಂಗಳಲ್ಲಿ ತೆರೆದು ಆಗಸ್ಟಿನಲ್ಲಿ ಮುಚ್ಚುತ್ತದೆ. ಅದಕ್ಕೆ ಸಿಮೆಂಟು ತುಂಬಿ ಬಣ್ಣ ಹೊಡೆದರೆ ಮುಂದಿನ ಯುಗಾದಿಯ ಹೊತ್ತಿಗೆ ಮತ್ತೆ ತಲೆ ಎತ್ತುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಹಾಕಿ ದಿನಾಂಕ ಬರೆಯಿರಿ, ಅಡ್ಡಲಾಗಿ ಒಂದು ತೆಳುವಾದ ಗಾಜಿನ ಚೂರನ್ನು ಅಂಟಿಸಿ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ಆಗ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ, ಅವರ ಶುಲ್ಕವನ್ನು ಅಂದಾಜಿನ ಮೊದಲ ಸಾಲಾಗಿ ಬರೆಯಿರಿ. ಇಡೀ ಪಟ್ಟಿಯಲ್ಲಿ ಚೌಕಾಸಿ ಮಾಡಬಾರದ ಹಣ ಅದೊಂದೇ.

ಮೂರನೆಯ ಹೆಜ್ಜೆ: ರಸ್ತೆಗಿಂತ ಮನೆ ತಗ್ಗಿದೆಯೇ?

ಇದನ್ನು ಪ್ರತ್ಯೇಕವಾಗಿ ಬರೆಯಲು ಕಾರಣವಿದೆ. ಹಳೆಯ ಓಣಿಗಳಲ್ಲಿ ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು ಬಿದ್ದು ರಸ್ತೆ ಏರಿದೆ. ಮನೆ ಇದ್ದಲ್ಲೇ ಇದೆ. ಒಂದು ಕಾಲಕ್ಕೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಕಟ್ಟೆ ಈಗ ರಸ್ತೆಗೆ ಸಮವಾಗಿದೆ, ಕೆಲವೆಡೆ ಮೆಟ್ಟಿಲು ಇಳಿದು ಒಳಗೆ ಹೋಗಬೇಕು. ಲೆವಲ್ ಪೈಪಿನ ಒಂದು ತುದಿಯನ್ನು ರಸ್ತೆಯ ನಡುವೆ, ಇನ್ನೊಂದನ್ನು ಹಿತ್ತಲಲ್ಲಿ ಹಿಡಿದು ವ್ಯತ್ಯಾಸವನ್ನು ಇಂಚಿನಲ್ಲಿ ಬರೆದುಕೊಳ್ಳಿ.

ತಗ್ಗಿದ್ದರೆ ನೆಲ ಏರಿಸಬೇಕು. ಆರುನೂರು ಚದರ ಅಡಿಯ ನೆಲವನ್ನು ಒಂದೂವರೆ ಅಡಿ ಏರಿಸಲು 900 ಘನ ಅಡಿ ಗರಸು (ಗಟ್ಟಿ ಹರಳು ಮಣ್ಣು) ಬೇಕು. ನೂರು ಘನ ಅಡಿಗೆ ಒಂದು ಬ್ರಾಸ್. ಅಂದರೆ ಒಂಬತ್ತು ಬ್ರಾಸ್. ಆದರೆ ಇದು ಧಮ್ಮಸ್ಸು ಹಾಕಿ, ಅಂದರೆ ಬಡಿದು ಗಟ್ಟಿಯಾಗಿ ಕೂರಿಸಿದ ಮೇಲಿನ ಲೆಕ್ಕ. ಸಡಿಲ ಗರಸು ತರಿಸುವಾಗ ಹನ್ನೊಂದು ಹನ್ನೆರಡು ಬ್ರಾಸ್ ಹಿಡಿಯಿರಿ. ಗರಸು ಅಗ್ಗವೇ. ಆದರೆ ನೆಲ ಒಂದೂವರೆ ಅಡಿ ಏರಿತೆಂದರೆ ಆರೂವರೆ ಅಡಿಯ ಬಾಗಿಲು ಐದಡಿಯದಾಗುತ್ತದೆ. ಪ್ರತಿ ಚೌಕಟ್ಟನ್ನೂ ಕಿತ್ತು ಮೇಲೆ ಕೂರಿಸಬೇಕು, ಮೇಲಿನ ಗೋಡೆ ಒಡೆಯಬೇಕು, ಬಾಗಿಲಿನ ಮೇಲೆ ಗೋಡೆ ಹೊರುವ ಹೊಸ ಲಿಂಟಲ್ ಹಾಕಬೇಕು. ಕಿಟಕಿಗಳು ಮೊಣಕಾಲೆತ್ತರಕ್ಕೆ ಬರುತ್ತವೆ, ಸ್ವಿಚ್ ಬೋರ್ಡುಗಳು ಕೆಳಗಾಗುತ್ತವೆ, ಮಾಳಿಗೆ ತಲೆಯ ಸಮೀಪ ಬಂದು ಬೇಸಿಗೆಯಲ್ಲಿ ಮನೆ ಕುದಿಯುತ್ತದೆ. ಹಾಗಾಗಿ ‘ನೆಲ ಏರಿಸುವುದು’ ಎಂದು ಒಂದು ಸಾಲು ಬರೆದು ಮುಂದೆ ಹೋಗಬೇಡಿ. ಅದರ ಕೆಳಗೆ ಏಳೆಂಟು ಸಾಲು ಹುಟ್ಟುತ್ತವೆ.

ಬಚ್ಚಲು, ಶೌಚಾಲಯವನ್ನು ಹಿತ್ತಲಿನಿಂದ ಮನೆಯೊಳಗೆ ತರುವ ಆಸೆ ಎಲ್ಲರಿಗೂ ಇರುತ್ತದೆ. ಹಿಂದಿನಿಂದ ರಸ್ತೆಯ ಒಳಚರಂಡಿ ಚೇಂಬರಿಗೆ ನಲವತ್ತು ಅಡಿ ದೂರವಿದ್ದು, ಪೈಪಿಗೆ ನಲವತ್ತಕ್ಕೊಂದರ ಇಳಿಜಾರು ಕೊಡಬೇಕೆಂದರೆ ಒಂದು ಅಡಿ ಇಳಿತ ಬೇಕು. ಅಷ್ಟು ಇಳಿತ ಸಿಗುತ್ತದೆಯೇ ಎಂಬುದನ್ನೂ ಅದೇ ಲೆವಲ್ ಪೈಪು ಹೇಳುತ್ತದೆ. ಟೈಲ್ಸ್ ಆರಿಸುವ ಮುನ್ನ ಇದನ್ನು ಕೇಳಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಪರಿಮಾಣ

ಪ್ರತಿ ಕೋಣೆಗೆ ನೋಟ್‌ಬುಕ್ಕಿನ ಒಂದು ಪುಟ. ನಕ್ಷೆ ಸೊಟ್ಟಗಿದ್ದರೂ ಅಡ್ಡಿಯಿಲ್ಲ, ಅಳತೆ ಸೊಟ್ಟಗಿರಬಾರದು. ಹಳೆಯ ಕೋಣೆಗಳ ಎದುರುಬದುರು ಗೋಡೆಗಳು ಸಮ ಇರುವುದಿಲ್ಲ. ನಾಲ್ಕೂ ಬದಿ ಅಳೆಯಿರಿ.

ಗಿಲಾವಿನ ಲೆಕ್ಕ ಹೀಗೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಗೆ ಸುತ್ತಳತೆ 44, ಗೋಡೆಯ ವಿಸ್ತೀರ್ಣ 440 ಚದರ ಅಡಿ. ಒಂದು ಬಾಗಿಲು, ಒಂದು ಕಿಟಕಿ ಕಳೆದರೆ ನಾಲ್ಕುನೂರರ ಆಸುಪಾಸು. ಅರ್ಧ ಇಂಚು ದಪ್ಪ, ಒಂದು ಪಾಲು ಸಿಮೆಂಟಿಗೆ ಆರು ಪಾಲು ಉಸುಕಿನ (ಮರಳಿನ) ಮಿಶ್ರಣವಾದರೆ ನೂರು ಚದರ ಅಡಿಗೆ ಸುಮಾರು ಒಂದು ಚೀಲ ಸಿಮೆಂಟು, ಏಳು ಘನ ಅಡಿ ಉಸುಕು. ಅಂದರೆ ಈ ಕೋಣೆಗೆ ನಾಲ್ಕು ಚೀಲ, ಕಾಲು ಬ್ರಾಸಿಗಿಂತ ತುಸು ಹೆಚ್ಚು ಉಸುಕು. ಇದು ಇಟ್ಟಿಗೆಯ ಸಮಗೋಡೆಯ ಮಾತು. ಕಲ್ಲಿನ ಗೋಡೆಯ ಹೊಂಡಗಳನ್ನು ತುಂಬಿ ಸಮಮಾಡಲು ಇದರ ಎರಡು ಪಟ್ಟು ಹಿಡಿದರೂ ಅತಿಯಲ್ಲ. ಮಣ್ಣಿನಲ್ಲಿ ಕಟ್ಟಿದ ಹಳೆಯ ಗೋಡೆಗೆ ಗಟ್ಟಿ ಸಿಮೆಂಟು ಮೆತ್ತುವುದೇ ನನ್ನ ಮಟ್ಟಿಗೆ ತಪ್ಪು: ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ನಾಲ್ಕೈದು ವರ್ಷಕ್ಕೆ ಹಪ್ಪಳದಂತೆ ಎದ್ದು ಬರುತ್ತದೆ. ಸುಣ್ಣದ ಗಾರೆ ಮಾಡಬಲ್ಲ ಹಿರಿಯ ಗೌಂಡಿ ಸಿಕ್ಕರೆ ಬಿಡಬೇಡಿ. ಕೂಲಿ ಹೆಚ್ಚಾದರೂ ಸರಿ.

ಇನ್ನು ಮಾಳಿಗೆ. ನಮ್ಮ ಭಾಗದ ಹಳೆಯ ಮನೆಗಳ ದೊಡ್ಡ ಖರ್ಚು ಇದೇ. ಹಿಂದಿನವರು ಮಳೆಗಾಲಕ್ಕೆ ಮುನ್ನ ಸವಳು (ಉಪ್ಪಿನಂಶದ) ಮಣ್ಣು ಹರಡಿ ಸೋರದಂತೆ ನೋಡಿಕೊಳ್ಳುತ್ತಿದ್ದರು. ಆ ವಾಡಿಕೆ ತಪ್ಪಿದ ಮನೆಗಳೇ ಈಗ ಮಾರಾಟಕ್ಕೆ ಬರುತ್ತಿರುವುದು. ನಾಲ್ಕುನೂರು ಚದರ ಅಡಿಯ ಮಾಳಿಗೆ ತೆಗೆದು ಸ್ಲ್ಯಾಬ್ ಹಾಕುವಿರಿ ಎಂದುಕೊಳ್ಳಿ. ಐದು ಇಂಚು ದಪ್ಪಕ್ಕೆ 167 ಘನ ಅಡಿ ಕಾಂಕ್ರೀಟು. ಎಂ20 ಎಂಬ ದರ್ಜೆಯ ಕಾಂಕ್ರೀಟ್ ಮಿಶ್ರಣಕ್ಕೆ ಸುಮಾರು 38 ಚೀಲ ಸಿಮೆಂಟು, ಮುಕ್ಕಾಲು ಬ್ರಾಸ್ ಉಸುಕು, ಒಂದೂವರೆ ಬ್ರಾಸ್ ಖಡಿ (ಜಲ್ಲಿ), 400 ಕಿಲೋ ಆಸುಪಾಸು ಕಬ್ಬಿಣ. ಕಬ್ಬಿಣದ ನಿಖರ ತೂಕ ಎಂಜಿನಿಯರರ ನಕ್ಷೆಯಿಂದಲೇ ಬರಬೇಕು. ಲೆಕ್ಕದ ದಾರಿ ತೋರಿಸಲಷ್ಟೇ ಕೆಲವು ದರ ಹಿಡಿಯೋಣ: 38ನ್ನು 40 ಎಂದು ಹಿಡಿದು ಚೀಲಕ್ಕೆ 400ರಂತೆ 40 ಚೀಲಕ್ಕೆ 16,000, ಕಿಲೋಗೆ 65ರಂತೆ ಕಬ್ಬಿಣಕ್ಕೆ 26,000, ಉಸುಕು, ಖಡಿಗೆ 10,000, ಸೆಂಟ್ರಿಂಗ್ (ಕಾಂಕ್ರೀಟು ಹೊರುವ ತಾತ್ಕಾಲಿಕ ಅಚ್ಚು) ಸಹಿತ ಕೂಲಿ ಚದರ ಅಡಿಗೆ 110ರಂತೆ 44,000. ಒಟ್ಟು 96,000.

ಬಹಳ ಜನ ಇಲ್ಲಿಗೆ ಗೆರೆ ಎಳೆಯುತ್ತಾರೆ. ಕೆಳಗೆ ಇಳಿಸಬೇಕಾದ ಮಣ್ಣಿನ ಲೆಕ್ಕ ಎಲ್ಲಿ? ಒಂದು ಅಡಿ ದಪ್ಪದ ಮಣ್ಣೆಂದರೆ 400 ಘನ ಅಡಿ, ತೂಕದಲ್ಲಿ ಸುಮಾರು 18 ಟನ್. ಅಗೆದಾಗ ಉಬ್ಬಿ ಐದು ಬ್ರಾಸ್ ದಾಟುತ್ತದೆ. ಐದಾರು ಟ್ರ್ಯಾಕ್ಟರ್ ಟ್ರಿಪ್ಪು. ಬುಟ್ಟಿಯಲ್ಲಿ ಇಳಿಸುವ ಆಳುಗಳ ಕೂಲಿ ಬೇರೆ. ಅದಾದ ಮೇಲೆ ಹಳೆಯ ಗೋಡೆಯ ತಲೆಯ ಮೇಲೆ ಸುತ್ತಲೂ ಕಾಂಕ್ರೀಟಿನ ಪಟ್ಟಿ, ಹೊಸ ಪ್ಯಾರಪೆಟ್, ನೀರಿಳಿಯದಂತೆ ಮೇಲುಹೊದಿಕೆ, ಕ್ಯೂರಿಂಗಿಗೆ (ಕಾಂಕ್ರೀಟನ್ನು ಒದ್ದೆಯಾಗಿಡಲು) ನೀರು. ನಮ್ಮಲ್ಲಿ ಸ್ಲ್ಯಾಬಿನ ಅಕ್ಕಪಕ್ಕದ ಈ ಕೆಲಸಗಳು ಸ್ಲ್ಯಾಬಿಗಿಂತ ಹೆಚ್ಚು ತಿಂದವು.

ಹೆಂಚಿನ ಮನೆಯಾದರೆ ನೆಲದ ಅಳತೆ ಹಿಡಿಯಬೇಡಿ, ಇಳಿಜಾರಿನ ಅಳತೆ ಹಿಡಿಯಿರಿ. ನೂರು ಚದರ ಅಡಿಗೆ 140ರಿಂದ 150 ಮಂಗಳೂರು ಹೆಂಚು ಬೇಕು. ಹಳೆಯವನ್ನು ಇಳಿಸುವಾಗ ಎಷ್ಟು ಒಡೆಯುತ್ತವೆ ಎಂಬುದು ಇಳಿಸುವವರ ಕೈಗುಣ.

ವಿದ್ಯುತ್ತಿಗೆ ಪಾಯಿಂಟುಗಳನ್ನು ಎಣಿಸಿದರೆ ಸಾಕು. ಮರದ ಪಟ್ಟಿಯ ಮೇಲಿನ ಹಳೆಯ ವೈರಿಂಗ್ ಇದ್ದರೆ ಅರ್ಧಂಬರ್ಧ ಉಳಿಸುವ ಯೋಚನೆ ಬೇಡ. ಪೂರ್ತಿ ಹೊಸದು, ಜೊತೆಗೆ ಅರ್ಥಿಂಗ್. ಗೀಸರ್, ಎಸಿ ಹಾಕುವವರು ಮಂಜೂರಾದ ಲೋಡು ಸಾಲುತ್ತದೆಯೇ ಎಂದು ಹೆಸ್ಕಾಂ (ವಿದ್ಯುತ್ ಕಂಪನಿ) ಬಿಲ್ಲಿನಲ್ಲಿ ನೋಡಿಕೊಳ್ಳಲಿ.

ಟೈಲ್ಸಿಗೆ ಅಳತೆಯ ಮೇಲೆ ಹತ್ತು ಪ್ರತಿಶತ ಹೆಚ್ಚು. ಹಳೆಯ ಶಹಾಬಾದ್ ಫರಸಿ (ನೆಲಕ್ಕೆ ಹಾಸುವ ಕಲ್ಲು) ಇದ್ದರೆ ಕೀಳುವ ಮುನ್ನ ಎರಡು ದಿನ ಯೋಚಿಸಿ. ಉಜ್ಜಿಸಿ ಸಂದು ತುಂಬಿಸಿದರೆ ಅದು ಬೇಸಿಗೆಯಲ್ಲಿ ಕೊಡುವ ತಂಪನ್ನು ಯಾವ ಟೈಲ್ಸೂ ಕೊಡುವುದಿಲ್ಲ.

ನೀರಿನ ಸಂಪು ಮಾತ್ರ ಬಿಡಬೇಡಿ. ಮಲಪ್ರಭೆಯ ನೀರು ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಕೆಲವು ವಾರ್ಡುಗಳಿಗೆ ಇಪ್ಪತ್ತನಾಲ್ಕು ಗಂಟೆ ಬಂದರೆ, ಹಲವು ವಾರ್ಡುಗಳವರು ದಿನ ಎಣಿಸುತ್ತಾರೆ. ನಿಮ್ಮ ಓಣಿಯಲ್ಲಿ ಎಷ್ಟು ದಿನಕ್ಕೊಮ್ಮೆ ಎಂದು ಮಾರಿದವರನ್ನು ಕೇಳಬೇಡಿ, ಎದುರು ಮನೆಯವರನ್ನು ಕೇಳಿ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರಿಗೆ 540. ಎಂಟು ದಿನಕ್ಕೊಮ್ಮೆ ಬಂದರೆ 4,320 ಲೀಟರ್. ಆರು ಅಡಿ ಉದ್ದ, ಆರು ಅಡಿ ಅಗಲ, ಐದು ಅಡಿ ಆಳದ ಸಂಪಿನಲ್ಲಿ ಸುಮಾರು 5,000 ಲೀಟರ್ ನಿಲ್ಲುತ್ತದೆ. ಇದನ್ನು ಮೊದಲೇ ಕಟ್ಟಿಸಿ. ಇಡೀ ದುರಸ್ತಿಗೆ ಬೇಕಾದ ನೀರೂ ಅದರಲ್ಲೇ ಸಿಗುತ್ತದೆ, ಟ್ಯಾಂಕರಿನ ಖರ್ಚು ಇಳಿಯುತ್ತದೆ.

ಐದನೆಯ ಹೆಜ್ಜೆ: ದರ

ಅಂತರ್ಜಾಲದಲ್ಲಿ ಸಿಗುವ ಬೆಂಗಳೂರಿನ ದರಗಳು ಇಲ್ಲಿಗೆ ಹೊಂದುವುದಿಲ್ಲ. ಹಳೆಯ ಕೊಟೇಶನ್ನುಗಳೂ ಅಷ್ಟೇ: ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28 ಪ್ರತಿಶತದಿಂದ 18ಕ್ಕೆ ಇಳಿದಿದೆ. ಮೂರು ಅಂಗಡಿಗಳಲ್ಲಿ ಕೇಳಿ, ಮೂರನ್ನೂ ಬರೆದು ನಡುವಿನದನ್ನು ಹಿಡಿಯಿರಿ. ಮನೆಬಾಗಿಲಿಗೆ ತಲುಪಿಸುವ ದರವೋ, ಅಂಗಡಿಯ ದರವೋ, ಹಮಾಲಿ ಸೇರಿದೆಯೋ ಎಂದು ಕೇಳದೆ ದರ ಬರೆಯಬೇಡಿ. ಲೋಕೋಪಯೋಗಿ ಇಲಾಖೆಯ ಧಾರವಾಡ ವೃತ್ತದ ದರ ಪಟ್ಟಿ ಸಿಕ್ಕರೆ ಹೋಲಿಕೆಗೆ ಒಳ್ಳೆಯದು. ಯಾವ ಕೆಲಸದಲ್ಲಿ ಏನೇನು ಸೇರಿರುತ್ತದೆ ಎಂಬುದು ಅದರಲ್ಲಿ ಸ್ಪಷ್ಟವಾಗಿರುತ್ತದೆ.

ಓಣಿಯ ಅಗಲವೂ ಒಂದು ದರವೇ. ನಮ್ಮ ಓಣಿಗೆ ಟಿಪ್ಪರ್ ಬರುವುದಿಲ್ಲ. ಉಸುಕನ್ನು ದೊಡ್ಡ ರಸ್ತೆಯಲ್ಲಿ ಸುರಿದು ಹೋಗುತ್ತಿದ್ದರು, ಅಲ್ಲಿಂದ ಬುಟ್ಟಿಯಲ್ಲಿ ಹೊರಿಸುತ್ತಿದ್ದೆವು. ಪ್ರತಿ ಬ್ರಾಸಿಗೆ ಈ ಹೊರೆಕೂಲಿಯನ್ನು ಸೇರಿಸದಿದ್ದರೆ ಲೆಕ್ಕ ಮೊದಲ ವಾರವೇ ಹಳಿ ತಪ್ಪುತ್ತದೆ.

ಕೂಲಿಯಲ್ಲಿ ಮೂರು ಬಗೆ: ದಿನಗೂಲಿ, ಬರೀ ಕೂಲಿಯ ಗುತ್ತಿಗೆ, ಸಾಮಾನು ಸಹಿತ ಗುತ್ತಿಗೆ. ಒಡೆಯುವುದು, ಕೀಳುವುದು, ತೇಪೆ ಹಾಕುವುದು ಮೊದಲೇ ಅಳತೆಗೆ ಸಿಗುವುದಿಲ್ಲ. ಅವನ್ನು ದಿನಗೂಲಿಯಲ್ಲಿ, ನೀವು ಎದುರಿಗೆ ಇದ್ದಾಗ ಮಾಡಿಸಿ. ಗಿಲಾವು, ಟೈಲ್ಸು, ಬಣ್ಣವನ್ನು ಅಳತೆಯ ಗುತ್ತಿಗೆಗೆ ಕೊಡಿ. ಆದರೆ ಬಾಗಿಲು ಕಿಟಕಿಯ ಜಾಗ ಕಳೆಯುವುದೋ ಇಲ್ಲವೋ ಎಂದು ಮೊದಲೇ ಬರೆಯಿಸಿಕೊಳ್ಳಿ. ಭಾರತೀಯ ಮಾನಕದ ಪ್ರಕಾರ ಗೋಡೆಯ ಎರಡೂ ಬದಿಗೆ ಒಂದೇ ಬಗೆಯ ಗಿಲಾವು ಮಾಡಿದಾಗ, ಅರ್ಧ ಚದರ ಮೀಟರಿನಿಂದ ಮೂರು ಚದರ ಮೀಟರಿನವರೆಗಿನ ಬಾಗಿಲು ಕಿಟಕಿಯನ್ನು ಒಂದೇ ಬದಿಯಲ್ಲಿ ಕಳೆಯಬೇಕು. ಇನ್ನೊಂದು ಬದಿಯದು ಅಂಚು ತಿದ್ದುವ ಕೆಲಸಕ್ಕೆ ಸಂದಾಯ. ಗೌಂಡಿಗಳು ಏನನ್ನೂ ಕಳೆಯಬಾರದು ಎನ್ನುತ್ತಾರೆ, ಮಾಲೀಕರು ಎಲ್ಲವನ್ನೂ ಕಳೆಯಬೇಕು ಎನ್ನುತ್ತಾರೆ; ಜಗಳ ಬಿಲ್ಲಿನ ದಿನ ಆಗುತ್ತದೆ.

ಆರನೆಯ ಹೆಜ್ಜೆ: ಬರೆಯಲು ಮರೆಯುವ ಸಾಲುಗಳು

ಕೆಲಸ ನಡೆಯುವಷ್ಟು ತಿಂಗಳ ಬಾಡಿಗೆ ಮೊದಲನೆಯದು. ಗೌಂಡಿ ಎರಡು ತಿಂಗಳು ಎಂದರೆ ನಾಲ್ಕು ತಿಂಗಳ ಬಾಡಿಗೆ ಬರೆಯಿರಿ. ಅಮಾವಾಸ್ಯೆಗೆ ಕೆಲಸವಿಲ್ಲ, ಊರ ಜಾತ್ರೆಗೆ ಇಲ್ಲ, ಮುಂಗಾರು ಬಿತ್ತನೆಗೆ ಅರ್ಧ ತಂಡ ಹೊಲಕ್ಕೆ ಹೋಗುತ್ತದೆ. ಅವರನ್ನು ದೂರಿ ಫಲವಿಲ್ಲ. ಮಾಳಿಗೆ ತೆಗೆಯುವ ಕೆಲಸವನ್ನು ಸಂಕ್ರಾಂತಿಯ ನಂತರ ಆರಂಭಿಸಿ ಅಡ್ಡಮಳೆಗೆ ಮುನ್ನ ಮುಗಿಸುವಂತೆ ನೀವೇ ದಿನ ನೋಡಿಕೊಳ್ಳಬೇಕು. ಗೋಡೆ ಒಡೆದು ಸ್ಲ್ಯಾಬ್ ಹಾಕುವುದು, ಮೇಲಂತಸ್ತು ಕಟ್ಟುವುದು ಇದ್ದರೆ ಪಾಲಿಕೆಯ ಪರವಾನಿಗೆಯ ಶುಲ್ಕ, ನಕ್ಷೆಯ ಖರ್ಚು ಸೇರಿಸಿ. ಗೆದ್ದಲಿನ ಔಷಧಿ, ಸಾಮಾನು ಮುಚ್ಚುವ ತಾಡಪತ್ರಿ, ರಾತ್ರಿ ಕಾವಲು, ಚಹಾ. ಚಹಾ ಎಂದು ನಗಬೇಡಿ; ಆರು ಜನಕ್ಕೆ ದಿನಕ್ಕೆರಡು ಸಲದಂತೆ ನಾಲ್ಕು ತಿಂಗಳಿಗೆ ಗುಣಿಸಿ ನೋಡಿ.

ಜಮೆಯ ಕಡೆಗೂ ಕೆಲವು ಸಾಲುಗಳಿವೆ. ಹಳೆಯ ಸಾಗವಾನಿ ಬಾಗಿಲು, ಕಂಬ, ಗಟ್ಟಿ ತೊಲೆಗಳಿಗೆ ಬೆಲೆ ಇದೆ. ‘ಕಿತ್ತ ಸಾಮಾನು ನಾನೇ ಒಯ್ಯುತ್ತೇನೆ, ಒಡೆಯುವ ಕೂಲಿ ಬೇಡ’ ಎಂದು ಯಾರಾದರೂ ಉದಾರವಾಗಿ ಹೇಳಿದರೆ, ಮೊದಲು ಬಡಿಗೇರರೊಬ್ಬರಿಗೆ ಮರ ತೋರಿಸಿ ಬೆಲೆ ಕೇಳಿ. ದುರಸ್ತಿಗೆ ಸಾಲ ತೆಗೆದು ಅದೇ ಮನೆಯಲ್ಲಿ ವಾಸಿಸುವವರಿಗೆ, ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 30,000 ರೂಪಾಯಿವರೆಗಿನ ಬಡ್ಡಿಗೆ ವಿನಾಯಿತಿ ಇದೆ. ಬ್ಯಾಂಕು ಎಂಜಿನಿಯರರ ಸಹಿ ಇರುವ ಅಂದಾಜು ಕೇಳುತ್ತದೆ. ನಿಮ್ಮ ನೋಟ್‌ಬುಕ್ ಕೊಟ್ಟರೆ ಅವರ ಕೆಲಸ ಅರ್ಧ ಮುಗಿದಂತೆ.

ಏಳನೆಯ ಹೆಜ್ಜೆ: ಕೂಡಿಸಿ, ಆಮೇಲೆ ಹೊಡೆದು ಹಾಕಿ

ಎಲ್ಲವನ್ನೂ ಕೂಡಿಸಿ ಮೇಲೆ ಅನಿರೀಕ್ಷಿತಕ್ಕೆಂದು ಒಂದು ಪಾಲು ಇಡಿ. ಸ್ಲ್ಯಾಬಿನ ಮನೆಗೆ ಹದಿನೈದು ಪ್ರತಿಶತ, ಮಣ್ಣಿನ ಮಾಳಿಗೆಯ ಮನೆಗೆ ಇಪ್ಪತ್ತೈದು. ಇದು ನನ್ನ ಅನುಭವದ ಅಂಕಿ. ನಾವು ಅದನ್ನು ಇಟ್ಟಿರಲಿಲ್ಲ, ಅದಕ್ಕೇ ಕೊನೆಯಲ್ಲಿ ಹೆಂಡತಿಯ ಬಳೆ ಅಡವಿಗೆ ಹೋಯಿತು.

ಮೊತ್ತ ಕೈಮೀರಿದ್ದರೆ ಪ್ರತಿ ಸಾಲಿನಿಂದ ಸ್ವಲ್ಪ ಸ್ವಲ್ಪ ಕಡಿಯಬೇಡಿ. ಅದರಿಂದ ಎಲ್ಲ ಕೆಲಸವೂ ಅರೆಬರೆಯಾಗುತ್ತದೆ. ಇಡೀ ಸಾಲನ್ನೇ ಮುಂದಿನ ವರ್ಷಕ್ಕೆ ದೂಡಿ. ಮಾಳಿಗೆ, ಪಾಯಾ, ಒಳಚರಂಡಿ, ವೈರಿಂಗ್ ಈ ವರ್ಷವೇ ಆಗಬೇಕು. ಅಡುಗೆಮನೆಯ ಕಪಾಟು, ಫಾಲ್ಸ್ ಸೀಲಿಂಗ್, ಹೊರಗೋಡೆಯ ಬಣ್ಣ ಕಾಯುತ್ತವೆ.

ಹಣ ಕೊಡುವಾಗ ದಿನಾಂಕ ನೋಡಿ ಕೊಡಬೇಡಿ, ಮುಗಿದ ಕೆಲಸ ಅಳೆದು ಕೊಡಿ. ಪ್ರತಿ ಶನಿವಾರ ಗೌಂಡಿಯೂ ನೀವೂ ಒಟ್ಟಿಗೆ ಟೇಪು ಹಿಡಿದು, ಒಂದೇ ನೋಟ್‌ಬುಕ್ಕಿನಲ್ಲಿ ಇಬ್ಬರೂ ಸಹಿ ಹಾಕಿ. ಮಾಳಿಗೆ ಕೆಲಸದ ಕೊನೆಯ ಹತ್ತು ಪ್ರತಿಶತವನ್ನು ಜೂನಿನಲ್ಲಿ ಒಂದು ದೊಡ್ಡ ಮಳೆ ಬೀಳುವವರೆಗೆ ತಡೆಹಿಡಿಯುವುದಾಗಿ ಮೊದಲ ದಿನವೇ ಹೇಳಿ ಒಪ್ಪಿಸಿಕೊಳ್ಳಿ. ನಮ್ಮ ಗೌಂಡಿ ಆ ಮಳೆಯ ರಾತ್ರಿ ತಾನೇ ಫೋನ್ ಮಾಡಿ, ‘ಸಾಹೇಬರೇ, ಸೋರುತ್ತಿದೆಯೇ?’ ಎಂದು ಕೇಳಿದ. ಪಶ್ಚಿಮದ ಮೂಲೆಯಲ್ಲಿ ಸೋರುತ್ತಿತ್ತು. ಮರುದಿನ ಬೆಳಿಗ್ಗೆ ಏಳಕ್ಕೆ ಬಂದು ಸರಿಮಾಡಿ ಹಣ ಒಯ್ದ.